ಅಜ್ಜಿಯನ್ನು ಪಕ್ಕಕ್ಕೆ ಸರಿಸಿ ತೆಗೆದ ಫೋಟೊ

ಗೋದಲಿಗೆಂದು ತಟ್ಟೆಯಲ್ಲಿ ಬಿತ್ತಿದ ರಾಗಿ ಮೊಳಕೆಯೊಡೆದು ಹಸಿರಾಗುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಇನ್ನೊಂದು ಸಿದ್ಧತೆಯೂ ಆರಂಭವಾಗುತ್ತದೆ. ಮಕ್ಕಳಿಗೆಲ್ಲ ಒಂದೇ ಬಣ್ಣದ ಉಡುಪು, ಬಿಳಿ ಅಂಚಿನ ಕೆಂಪು ಟೋಪಿ, ಗೋಡೆಗೆ ಬಣ್ಣದ ದೀಪಗಳ ಸರ. ಹಿಂದೆ ಇವೆಲ್ಲ ಹಬ್ಬಕ್ಕೆಂದು ನಡೆಯುತ್ತಿದ್ದವು. ಈಗ ಹಬ್ಬದ ಫೋಟೊಗೆಂದು ನಡೆಯುತ್ತವೆ. ಪ್ರಿಯ ಓದುಗರೇ, ಇವೆರಡರ ನಡುವಿನ ಅಂತರ ಸಣ್ಣದೆಂದು ನೀವು ಎಣಿಸುವುದಾದರೆ ಈ ಲೇಖನವನ್ನು ಕೊನೆಯವರೆಗೆ ಓದಿ, ಆಮೇಲೆ ನನ್ನೊಡನೆ ಜಗಳವಾಡಿ.

ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ದಿನ ಮಾಲೂರಿನಲ್ಲಿ ಪರಿಚಿತರ ಮನೆಗೆ ಹೋಗಿದ್ದೆ. ಯಜಮಾನರು ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವವರು. ಮಕ್ಕಳು ಎಚ್ಚರವಿರುವಾಗ ಅವರು ಮನೆಯಲ್ಲಿರುವ ದಿನಗಳೇ ಅಪರೂಪ. ಮೂರು ವರ್ಷದ ಹುಡುಗ ನಡುರಾತ್ರಿಯ ಬಲಿಪೂಜೆಗೆ ಹೋಗಿ ಬಂದವನು, ನಿದ್ದೆ ಸಾಲದೆ ಕಣ್ಣುಜ್ಜಿಕೊಳ್ಳುತ್ತಿದ್ದ. ಎದುರಿನ ತಟ್ಟೆಯಲ್ಲಿ ಕಜ್ಜಾಯವಿತ್ತು. ಕೈ ಚಾಚಿದಾಗಲೆಲ್ಲ, "ಮೊದಲು ಫೋಟೊ, ಆಮೇಲೆ ಕಜ್ಜಾಯ" ಎಂಬ ಮಾತು. ಟೋಪಿಯ ನೂಲು ಹಣೆಗೆ ಚುಚ್ಚುತ್ತಿತ್ತು. ಅವನು ಅದನ್ನು ಕಿತ್ತೆಸೆಯುತ್ತಿದ್ದ, ಅವರು ಮತ್ತೆ ಇಡುತ್ತಿದ್ದರು. ಗೋದಲಿಯ ಬಳಿ ಚಾಪೆಯ ಮೇಲೆ ಅವನ ಅಜ್ಜಿ ಮೊರವನ್ನು ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. "ಅಮ್ಮ, ಒಂಚೂರು ಆ ಕಡೆ ಸರ್ಕೊಳ್ಳಿ, ನೀವೂ ಬರ್ತಿದೀರ" ಎಂದರು ಮಗ. ಅಜ್ಜಿ ಮೊರವನ್ನೆತ್ತಿಕೊಂಡು, ಏನೋ ತಪ್ಪು ಮಾಡಿದವರಂತೆ ನಗುತ್ತ, ಅಡಿಗೆಮನೆಯ ಬಾಗಿಲಿಗೆ ಹೋದರು. ಹುಡುಗ ಅವರ ಹಿಂದೆಯೇ ಓಡಿದ. ಅವನನ್ನು ಹಿಡಿದು ತರಲಾಯಿತು. ಮುಕ್ಕಾಲು ಗಂಟೆಯ ನಂತರ ಒಂದು ಫೋಟೊ "ಸರಿಯಾಗಿ" ಬಂತು.

ಮುಂದಿನ ಆಗಸ್ಟ್‌ನಲ್ಲಿ ಆ ಅಜ್ಜಿ ತೀರಿಕೊಂಡರು. ಶವಪೆಟ್ಟಿಗೆಯ ಬಳಿ ಇಡಲು ಒಂದು ಭಾವಚಿತ್ರ ಬೇಕಾಯಿತು. ಮೂರು ಫೋನುಗಳಲ್ಲಿ ಸಾವಿರಾರು ಚಿತ್ರಗಳಿದ್ದವು. ಅವರೊಬ್ಬರ ಮುಖ ಸ್ಪಷ್ಟವಾಗಿ ಕಾಣುವ ಒಂದೂ ಇರಲಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಚಿತ್ರವನ್ನು ದೊಡ್ಡದು ಮಾಡಿಸಿದರು. ಬಿಳಿಯ ಪರದೆಯ ಮುಂದೆ, ಯಾರೋ "ನೆಟ್ಟಗೆ ನೋಡಿ" ಎಂದು ಗದರಿದ ಕ್ಷಣದಲ್ಲಿ ಬೆದರಿ ಕಣ್ಣರಳಿಸಿದ ಆ ಮುಖ ಇಂದಿಗೂ ಅವರ ಮನೆಯ ಗೋಡೆಯ ಮೇಲಿದೆ. ಹುಡುಗನಿಗೆ ಈಗ ಅಜ್ಜಿಯೆಂದರೆ ಆ ಮುಖ.

ಇದು ಒಂದು ಮನೆಯ ಕಥೆಯೆಂದು ತಿಳಿಯಬೇಡಿ. ನವೆಂಬರ್ 2ರಂದು ಮೃತರ ಸ್ಮರಣೆಗಾಗಿ ಸಮಾಧಿ ಭೂಮಿಗೆ ಹೋದಾಗ ಅಲ್ಲಿರುವ ಭಾವಚಿತ್ರಗಳನ್ನು ಗಮನವಿಟ್ಟು ನೋಡಿ. ಕೋಲಾರದಲ್ಲಾಗಲಿ, ಮುಳಬಾಗಿಲಿನಲ್ಲಾಗಲಿ, ಶ್ರೀನಿವಾಸಪುರದಲ್ಲಾಗಲಿ, ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಯ ಮುಖವನ್ನು ಉಳಿಸಿದ್ದು ಮಕ್ಕಳಲ್ಲ, ಸರ್ಕಾರ. ಮತದಾರರ ಗುರುತಿನ ಚೀಟಿಗೆ ಫೋಟೊ ಬಂದದ್ದು 1993ರ ನಂತರ. ಆಧಾರ್ ಬಂದದ್ದು 2010ರಲ್ಲಿ. ಈ ಎರಡು ಇಲ್ಲದಿದ್ದರೆ ಕೂಲಿನಾಲಿ ಮಾಡಿ ನಮ್ಮನ್ನು ಬೆಳೆಸಿದ ಒಂದು ತಲೆಮಾರು ಮುಖವೇ ಇಲ್ಲದೆ ಮಣ್ಣು ಸೇರುತ್ತಿತ್ತು. ಅವರ ಕಾಲದಲ್ಲಿ ಬಡತನವಿತ್ತು, ಕ್ಯಾಮೆರಾ ಇರಲಿಲ್ಲ, ಒಪ್ಪಿಕೊಳ್ಳೋಣ. ನಮ್ಮ ಕೈಯಲ್ಲಿ ಕ್ಯಾಮೆರಾ ಬಂದ ಮೇಲೂ ಅವರನ್ನು ಚೌಕಟ್ಟಿನಿಂದ ಹೊರಕ್ಕೆ ಸರಿಸಿದ್ದಕ್ಕೆ ಯಾವ ನೆಪ ಹೇಳುವಿರಿ? ಸೀರೆ ಹಳೆಯದು. ಚಾಪೆ ಚೆನ್ನಾಗಿಲ್ಲ. ಮೊರ ಅಡ್ಡ ಬಂತು.

ಹಬ್ಬದ ದಿನ ಮನೆಯಲ್ಲಿ ತೆಗೆಯುವ ಫೋಟೊ ಯಾರಿಗಾಗಿ? ಅಂದು ರಾತ್ರಿ ಅದನ್ನು ನೋಡುವವರಿಗಾಗಿಯೋ, ಅಥವಾ ಅದರೊಳಗೆ ಇರುವವರಿಗಾಗಿಯೋ? ನನ್ನ ವಾದವೆಲ್ಲ ಈ ಒಂದು ಪ್ರಶ್ನೆಯ ಸುತ್ತ. ನೋಡುವವರಿಗಾಗಿ ತೆಗೆದರೆ ಅಳುವ ಮಗು ತಪ್ಪು, ಮುದುಕಿ ತಪ್ಪು, ಗೋಡೆಯ ಕಲೆ ತಪ್ಪು, ಮೂಲೆಯಲ್ಲಿನ ಗ್ಯಾಸ್ ಸಿಲಿಂಡರ್ ತಪ್ಪು. ಒಳಗಿರುವವರಿಗಾಗಿ ತೆಗೆದರೆ ಇವೇ ಮೂವತ್ತು ವರ್ಷಗಳ ನಂತರ ಚಿನ್ನ. ಬೆಳೆದ ಮಗ ಆ ಚಿತ್ರದಲ್ಲಿ ತನ್ನ ಟೋಪಿಯನ್ನು ಹುಡುಕುವುದಿಲ್ಲ. ಅಜ್ಜಿಯ ಕೈ, ಬಾಡಿಗೆ ಮನೆಯ ಕಿಟಕಿ, ಅಪ್ಪನ ಹಳೆಯ ಸೈಕಲ್ಲು, ಅಮ್ಮ ಅಂದು ಉಟ್ಟ ಸೀರೆ, ಇವನ್ನು ಹುಡುಕುತ್ತಾನೆ.

ಹಳೆಯದೆಲ್ಲ ಒಳ್ಳೆಯದಿತ್ತು ಎಂದು ಹಾಡುವುದು ನನ್ನ ಉದ್ದೇಶವಲ್ಲ. ರೀಲಿನ ಕಾಲ ನನಗೆ ನೆನಪಿದೆ. ಒಂದು ರೀಲಿನಲ್ಲಿ 36 ಚಿತ್ರ. ಕ್ರಿಸ್ಮಸ್, ಹೊಸ ವರ್ಷ, ಯಾರದೋ ಪ್ರಥಮ ಪರಮಪ್ರಸಾದ, ಇನ್ನಾರದೋ ನಿಶ್ಚಿತಾರ್ಥ, ಎಲ್ಲವೂ ಅದೇ ರೀಲಿನಲ್ಲಿ ಮುಗಿಯಬೇಕು. ತೊಳೆಸಿ ತಂದಾಗ ಅರ್ಧದಲ್ಲಿ ತಲೆಯಿಲ್ಲ, ಉಳಿದರ್ಧದಲ್ಲಿ ಕಣ್ಣು ಕೆಂಪು. ಕ್ಯಾಮೆರಾ ಇದ್ದ ಚಿಕ್ಕಪ್ಪ ಊರಿಗೆ ಬಾರದ ವರ್ಷ ಫೋಟೊವೇ ಇಲ್ಲ. ಆದರೂ ಆ ಕೊರತೆಯಲ್ಲಿ ಒಂದು ಗುಣವಿತ್ತು. ಫೋಟೊ ಎಂದಾಗ ಮನೆಯ ಎಲ್ಲರನ್ನೂ ಕರೆಯುತ್ತಿದ್ದರು, ಏಕೆಂದರೆ ಮತ್ತೊಂದು ತೆಗೆಯುವ ಖಾತರಿ ಇರಲಿಲ್ಲ. ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು, ಮಕ್ಕಳು ಆಟಕ್ಕೆ ಓಡುತ್ತಿದ್ದರು. ಚಿತ್ರ ಕಾಗದದ ಮೇಲಿರುತ್ತಿತ್ತು. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಬೇರೆ ಊರು ಸೇರಿದ ಎರಡು ಕುಟುಂಬಗಳ ಮನೆಯಲ್ಲಿ ನಾನು ಆಲ್ಬಂಗಳನ್ನು ನೋಡಿದ್ದೇನೆ. ಕೆಲಸ ಹೋಯಿತು, ಲೈನಿನ ಮನೆ ಹೋಯಿತು; ಆ ಮನೆಯ ಬಾಗಿಲಲ್ಲಿ ನಕ್ಷತ್ರ ಕಟ್ಟಿ ನಿಂತ ಇಡೀ ಕುಟುಂಬ ಮಾತ್ರ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಪಕ್ಕದ ಮನೆಯ ಮಕ್ಕಳೂ ನುಗ್ಗಿ ನಿಂತಿದ್ದಾರೆ. ಯಾರೂ ಅವರನ್ನು ಸರಿಯಿರಿ ಎಂದಿಲ್ಲ.

ಇನ್ನು ಮಕ್ಕಳ ವಿಷಯ. ಎರಡು, ಮೂರು, ನಾಲ್ಕು ವರ್ಷದ ಮಗುವನ್ನು ಗೊಂಬೆಯಂತೆ ನಿಲ್ಲಿಸಿ "ನಗು, ನಗು" ಎಂದು ಹೇಳುವುದು ಒಂದು ಬಗೆಯ ಬಲವಂತ. ಅದನ್ನು ಪ್ರೀತಿಯೆಂದು ಕರೆಯುವುದರಿಂದ ಅದು ಬದಲಾಗುವುದಿಲ್ಲ. ಕಜ್ಜಾಯವನ್ನು ಲಂಚವಾಗಿ ಬಳಸಿದಿರಿ, ಹಬ್ಬದ ಸಿಹಿ ಕೂಲಿಯಾಯಿತು. ಅವನು ಹಲ್ಲು ಕಿರಿದ. ನೀವು ಅದನ್ನು ನಗು ಎಂದುಕೊಂಡಿರಿ. ಮಗುವಿಗೆ ಹಸಿವಾಗಿರುವಾಗ, ನಡುರಾತ್ರಿಯ ಪೂಜೆಯ ನಿದ್ದೆಗಣ್ಣು ಇನ್ನೂ ತಿಳಿಯಾಗದಿರುವಾಗ, ಎಂಥ ಬೆಲೆಬಾಳುವ ಫೋನಿನಿಂದಲೂ ಒಳ್ಳೆಯ ಚಿತ್ರ ಬಾರದು. ಮೊದಲು ತಿನ್ನಲು ಕೊಡಿ. ಸಕ್ಕರೆ ಮೆತ್ತಿದ ಬಾಯಿಯಲ್ಲೇ ಚಿತ್ರ ಬರಲಿ, ಏನಾಯಿತು? ಹಬ್ಬದ ದಿನದ ಮಗು ಹಾಗೆಯೇ ಇರುತ್ತದೆ.

ತೆಗೆಯುವ ಬಗೆಯನ್ನೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅರ್ಧ ಹಿಂಸೆ ನಮ್ಮ ಅಜ್ಞಾನದಿಂದ ಹುಟ್ಟುತ್ತದೆ. ಚಿತ್ರ ಮಸುಕಾಗಿದೆಯೆಂದು ಮಗುವನ್ನು ಹತ್ತು ಸಲ ನಿಲ್ಲಿಸುವಿರಿ, ತಪ್ಪು ಮಗುವಿನದಲ್ಲ. ಹಿಂದಿನ ದಿನವಿಡೀ ಅಡಿಗೆಮನೆಯಲ್ಲಿ ಎಣ್ಣೆಯಿಟ್ಟು ಕರಿದ ಕೈಯಲ್ಲೇ ಫೋನು ಹಿಡಿದಿರುತ್ತೀರಿ, ಲೆನ್ಸಿನ ಮೇಲೆ ಜಿಡ್ಡಿನ ತೆರೆ ಕುಳಿತಿರುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒಮ್ಮೆ ಒರೆಸಿ. ಕೋಣೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ತೆಗೆಯಬೇಡಿ. ಬೆಳಕು ಕಡಿಮೆಯಾದಷ್ಟೂ ಫೋನು ಹೆಚ್ಚು ಹೊತ್ತು ಕಣ್ಣು ತೆರೆದಿಟ್ಟು ಬೆಳಕನ್ನು ಹೀರಬೇಕಾಗುತ್ತದೆ. ಅಷ್ಟರಲ್ಲಿ ಮಗು ಕದಲುತ್ತದೆ, ಚಿತ್ರ ಕಲಸಿಹೋಗುತ್ತದೆ. ನಮ್ಮ ಸೀಮೆಯಲ್ಲಿ ಡಿಸೆಂಬರ್ ಕೊನೆಯ ವಾರ ಸೂರ್ಯ ನಡುಮಧ್ಯಾಹ್ನದಲ್ಲೂ ನೆತ್ತಿಗೆ ಬರುವುದಿಲ್ಲ, ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನೆ. ಬೆಳಗಿನ ಮಂಜು ಕರಗಿದ ಮೇಲೆ, ಒಂಬತ್ತು ಹತ್ತು ಗಂಟೆಯ ಹೊತ್ತಿಗೆ, ಜಗುಲಿಯಲ್ಲೋ ಬಾಗಿಲ ಬಳಿಯ ನೆರಳಿನಲ್ಲೋ ಸಿಗುವ ಬೆಳಕಿಗೆ ಸಮನಾದ ದೀಪವನ್ನು ಯಾವ ಸ್ಟುಡಿಯೊವೂ ಕೊಡಲಾರದು. ನೇರ ಬಿಸಿಲಿಗೆ ಮಾತ್ರ ಮುಖವೊಡ್ಡಿ ನಿಲ್ಲಿಸಬೇಡಿ, ಮಕ್ಕಳು ಕಣ್ಣು ಕಿರಿದು ಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು, ನೀವು ಕೆಳಗೆ ಕೂರಬೇಕು. ನಿಂತು ಮೇಲಿನಿಂದ ತೆಗೆದರೆ ಮಗುವಿನ ತಲೆ ದಪ್ಪವಾಗಿ ಕಾಲು ಗಿಡ್ಡವಾಗಿ ಕಾಣುತ್ತದೆ. ಅದು ಯಜಮಾನ ಆಳನ್ನು ನೋಡುವ ನೋಟ. ಮೊಣಕಾಲೂರಿ ಮಗುವಿನ ಕಣ್ಣಿನ ಎತ್ತರಕ್ಕೆ ಫೋನನ್ನು ಇಳಿಸಿ. ಗೋದಲಿಯ ಮುಂದೆ ಮೂವರು ಜ್ಞಾನಿಗಳನ್ನು ಮೊಣಕಾಲೂರಿಸಿ ಕೂರಿಸುತ್ತೇವೆ, ನಮಗೆ ಮಾತ್ರ ಪ್ಯಾಂಟಿನ ಇಸ್ತ್ರಿಯ ಚಿಂತೆ. ಎರಡು ಹೆಜ್ಜೆ ಹಿಂದಕ್ಕೂ ಸರಿಯಿರಿ; ತೀರ ಹತ್ತಿರ ಹೋದರೆ ಫೋನಿನ ಕಣ್ಣು ಮೂಗನ್ನು ಉಬ್ಬಿಸಿ ತೋರಿಸುತ್ತದೆ. ನಂತರ ಸುಮ್ಮನಿರಿ. ಮಗು ಗೋದಲಿಯ ಕುರಿಮರಿಯನ್ನು ಎತ್ತಿಕೊಂಡು ಅಜ್ಜಿಗೆ ತೋರಿಸುತ್ತದೆ, ರಾಗಿಯ ಪೈರನ್ನು ಕೀಳುತ್ತದೆ, ಬಾಲಯೇಸುವಿಗೆ ಬಿಸ್ಕತ್ತು ಕೊಡಲು ಹೋಗುತ್ತದೆ. ಅದನ್ನು ತೆಗೆಯಿರಿ. ಐದು ನಿಮಿಷ ಸಾಕು. ಆಮೇಲೆ ಫೋನನ್ನು ಬೀರುವಿನ ಮೇಲಿಟ್ಟು ಮಗುವಿನ ಜೊತೆ ಕುಳಿತುಕೊಳ್ಳಿ. ವರ್ಷದಲ್ಲಿ ಅಪ್ಪ ಮನೆಯಲ್ಲಿರುವುದೇ ನಾಲ್ಕಾರು ಹಗಲು. ಅದರಲ್ಲೊಂದನ್ನು ಅವರ ಮುಖದ ಮುಂದೆ ಫೋನು ಹಿಡಿದೇ ಕಳೆದರೆ ಮಗು ಅಪ್ಪನೆಂದು ನೋಡುವುದು ಯಾವುದನ್ನು?

ತಾಯಂದಿರೇ, ನಿಮಗೊಂದು ಪ್ರತ್ಯೇಕ ಮಾತು. ಹೋದ ಐದು ಕ್ರಿಸ್ಮಸ್‌ಗಳ ಚಿತ್ರಗಳನ್ನು ತೆರೆದು ನೋಡಿ, ನೀವೆಲ್ಲಿದ್ದೀರಿ? ಹೆಚ್ಚಿನ ಮನೆಗಳಲ್ಲಿ ಚಿತ್ರ ತೆಗೆಯುವವರು ತಾಯಿ, ಇಲ್ಲವೇ ಚಿತ್ರ ತೆಗೆಯುವಾಗ ಒಲೆಯ ಮುಂದೆ ಇರುವವರು ತಾಯಿ. ಹಿತಕಿದ ಅವರೆಬೇಳೆ ಸಾರು ಎಲೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಹಿತಕಿದವರು ಕಾಣುವುದಿಲ್ಲ. ಇಂದಿನ ಫೋನುಗಳಲ್ಲಿ ಹತ್ತು ಸೆಕೆಂಡಿನ ಟೈಮರ್ ಇದೆ. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು, ಗುಂಡಿಯೊತ್ತಿ, ಬಂದು ಕೂರಿ. ತಲೆ ಬಾಚಿಲ್ಲ ಎನ್ನಬೇಡಿ. ನಿಮ್ಮ ಮಗಳು ನಿಮ್ಮ ವಯಸ್ಸಿಗೆ ಬಂದಾಗ ಅವಳಿಗೆ ಬೇಕಾಗುವುದು ತಲೆ ಬಾಚದ ಆ ಅಮ್ಮನೇ.

ತೆಗೆದದ್ದಾಯಿತು, ಮುಂದೇನು? ಐದೇ ನಿಮಿಷದಲ್ಲಿ ಅದು ಸ್ಟೇಟಸ್‌ಗೆ ಹೋಗುತ್ತದೆ. ಇಲ್ಲಿ ನನ್ನ ಆಕ್ಷೇಪ ಇನ್ನೂ ಕಠಿಣ. ನಿಮ್ಮ ಫೋನಿನಲ್ಲಿ ಯಾರ ಯಾರ ಸಂಖ್ಯೆ ಇದೆಯೆಂದು ಒಮ್ಮೆ ಎಣಿಸಿದ್ದೀರಾ? ಕೋಲಾರದ ಟೊಮೆಟೊ ಮಂಡಿಯ ದಲ್ಲಾಳಿ, ಕೊಳವೆಬಾವಿಯ ಮೋಟಾರು ರಿಪೇರಿಯವರು, ಸಿಲಿಂಡರ್ ತರುವವರು, ಒಂದೇ ಸಲ ಬಾಡಿಗೆಗೆ ಬಂದ ಆಟೊದವರು, ಚೀಟಿ ಹಣದವರು. ನೀವು ಬೇರೆ ಏರ್ಪಾಡು ಮಾಡದಿದ್ದರೆ, ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡಿರುವ ಇವರೆಲ್ಲರಿಗೂ ನಿಮ್ಮ ಮಗಳು ಯಾವ ಬಟ್ಟೆಯಲ್ಲಿದ್ದಾಳೆ, ಮನೆಯ ಬಾಗಿಲು ಹೇಗಿದೆ ಎಂಬುದು ಅಂದು ಕಾಣುತ್ತದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಅಳಿಸಿಹೋಗುತ್ತದಲ್ಲ ಎನ್ನುವಿರಿ. ನಿಮ್ಮ ಫೋನಿನಿಂದ ಅಳಿಯುತ್ತದೆ. ನೋಡಿದವರು ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ಅಲ್ಲಿಂದ ಅಳಿಯುವುದಿಲ್ಲ. ಕೃತಕ ಬುದ್ಧಿಮತ್ತೆಯ ಉಪಕರಣಗಳಿಂದ ಒಂದು ಮುಖವನ್ನು ಎತ್ತಿ ಇನ್ನೊಂದು ದೇಹಕ್ಕೆ ಕೂಡಿಸುವುದು ಸುಲಭವಾಗಿರುವ ದಿನಗಳಿವು. ಹಂಡೆಯ ಬಳಿ ಸ್ನಾನ ಮಾಡುವ ಕಂದನ ಚಿತ್ರವನ್ನು "ಎಷ್ಟು ಮುದ್ದು" ಎಂದು ಹರಿಯಬಿಡುವ ವಿದ್ಯಾವಂತರನ್ನೂ ನಾನು ಕಂಡಿದ್ದೇನೆ. ಕಂಡು ನಾಚಿದ್ದೇನೆ.

ಕಾನೂನು ಕಾಯುತ್ತದೆಯೇ? ನಮ್ಮ ದೇಶದಲ್ಲಿ 2023ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಹದಿನೆಂಟು ತುಂಬದವರ ವಿವರಗಳನ್ನು ಬಳಸುವ ಮುನ್ನ ತಂದೆತಾಯಿಯ ಒಪ್ಪಿಗೆಯನ್ನು ಪರಿಶೀಲಿಸಿ ಪಡೆಯಬೇಕೆಂದು ಸಂಸ್ಥೆಗಳಿಗೆ ವಿಧಿಸುತ್ತದೆ. ಒಬ್ಬ ವ್ಯಕ್ತಿ ತನ್ನ ಮನೆಯ ಬಳಕೆಗಾಗಿ ಮಾಡುವುದಕ್ಕೆ ಅದು ಅನ್ವಯಿಸುವುದಿಲ್ಲ. ಅಂದರೆ ಬಾಗಿಲಿಗೆ ಕಾವಲಿಟ್ಟು, ಬೀಗದ ಕೈಯನ್ನು ತಂದೆತಾಯಿಯ ಕೈಗೇ ಕೊಟ್ಟಿದೆ. ಫ್ರಾನ್ಸ್ ದೇಶ 2024ರ ಫೆಬ್ರವರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು: ಮಗುವಿನ ಚಿತ್ರದ ಮೇಲಿನ ಹಕ್ಕು ಮಗುವಿನದು, ಅದನ್ನು ಕಾಪಾಡುವುದು ತಂದೆತಾಯಿ ಇಬ್ಬರ ಕರ್ತವ್ಯ, ವಯಸ್ಸಿಗೆ ತಕ್ಕಂತೆ ಮಗುವನ್ನೂ ಕೇಳಬೇಕು ಎಂದು ಕಾನೂನು ಮಾಡಿತು. ಅಷ್ಟು ದೂರದ ಮಾತು ಬೇಡ. ನಿಮ್ಮ ಐದು ವರ್ಷದ ಮಗಳನ್ನು "ಇದನ್ನು ಎಲ್ಲರಿಗೂ ತೋರಿಸಲೇ?" ಎಂದು ಕೇಳಿ ನೋಡಿ. ಬೇಡ ಎಂದರೆ ಬೇಡ.

ಕುವೈತಿನಲ್ಲಿರುವ ಅಣ್ಣನಿಗೆ, ಬೆಂಗಳೂರು ಸೇರಿದ ಅತ್ತೆಗೆ ತೋರಿಸಬಾರದೇ ಎಂದು ನೀವು ಕೇಳುವುದು ನ್ಯಾಯ. ಅವಶ್ಯವಾಗಿ ಕಳುಹಿಸಿ. ಹಬ್ಬಕ್ಕೆ ಬರಲಾಗದೆ ಕೊಠಡಿಯೊಂದರಲ್ಲಿ ಕುಳಿತವರಿಗೆ ಆ ಒಂದು ಚಿತ್ರ ಕಜ್ಜಾಯಕ್ಕಿಂತ ಹೆಚ್ಚು. ಆದರೆ ಅವರ ಹೆಸರಿಗೇ ಕಳುಹಿಸಿ, ಎರಡು ಸಾಲು ಬರೆದು ಕಳುಹಿಸಿ. ಎಲ್ಲರಿಗೂ ತೋರಿಸಿದ್ದನ್ನು ಅವರೂ ನೋಡಲಿ ಎಂದು ಬಿಡುವುದು ಬಂಧುತ್ವವಲ್ಲ. ಒಂದು ಉಪವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಗೆ ಬಂದ ನೆರೆಯ ಬಡ ಮಕ್ಕಳಿಗೆ ಹಬ್ಬದ ಉಡುಗೊರೆ ಕೊಡುವಾಗ ಅವರ ಕೈಯಲ್ಲಿ ಪೊಟ್ಟಣ ಹಿಡಿಸಿ ಫೋಟೊ ತೆಗೆಯುವ ಪದ್ಧತಿಯನ್ನು ಇಂದೇ ಬಿಡಿ. ಎಡಗೈಗೆ ತಿಳಿಯಬಾರದೆಂದದ್ದನ್ನು ಇನ್ನೂರು ಜನರ ಫೋನಿಗೆ ತಿಳಿಸುತ್ತಿದ್ದೇವೆ.

ನಮ್ಮ ಧರ್ಮಸಭೆ ಚಿತ್ರಗಳ ವಿರೋಧಿಯೆಂದು ಯಾರೂ ಭಾವಿಸಬಾರದು. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಗೋದಲಿಯನ್ನು ಏರ್ಪಡಿಸಿದ್ದು, ಆ ಕಂದ ಎಂಥ ಬಡತನದಲ್ಲಿ ಹುಟ್ಟಿತೆಂಬುದನ್ನು ಕಣ್ಣಾರೆ ಕಾಣುವ ಆಸೆಯಿಂದಲೇ. ಕಣ್ಣಾರೆ ಎಂಬ ಮಾತನ್ನು ಗಮನಿಸಿ. ಪೋಪ್ ಫ್ರಾನ್ಸಿಸ್ ಅವರು 2017ರ ನವೆಂಬರ್‌ನಲ್ಲಿ, ಬಲಿಪೂಜೆಯ ನಡುವೆ ಭಕ್ತರು ಮಾತ್ರವಲ್ಲ, ಗುರುಗಳು ಮತ್ತು ಧರ್ಮಾಧ್ಯಕ್ಷರು ಸಹ ಫೋನುಗಳನ್ನು ಎತ್ತಿ ಹಿಡಿಯುವುದನ್ನು ಕಂಡು ತಮಗೆ ದುಃಖವಾಗುತ್ತದೆಂದು ಬಹಿರಂಗವಾಗಿಯೇ ಹೇಳಿದರು. ನಜರೇತಿನ ಮನೆಯಲ್ಲಿ ಕಳೆದ ಅಷ್ಟು ವರ್ಷಗಳಿಂದ ಸಂತ ಲೂಕ ನಮಗೆ ಕೊಟ್ಟಿರುವುದು ಹನ್ನೆರಡನೆಯ ವಯಸ್ಸಿನ ಒಂದೇ ಒಂದು ದೃಶ್ಯವನ್ನು. ಉಳಿದದ್ದು ತಾಯಿಯ ಹೃದಯದಲ್ಲಿತ್ತು, ಅವರು ಅದನ್ನು ಊರಿಗೆ ಹಂಚಲಿಲ್ಲ.

ಕೊನೆಯದಾಗಿ, ಉಳಿಸುವ ಬಗೆ. ಫೋನಿನಲ್ಲಿದೆ ಎಂದರೆ ಉಳಿದಿದೆ ಎಂದು ಅರ್ಥವಲ್ಲ. ಫೋನು ನೀರಿಗೆ ಬೀಳುತ್ತದೆ, ಕಳವಾಗುತ್ತದೆ, ಪಾಸ್‌ವರ್ಡ್ ಮರೆತುಹೋಗುತ್ತದೆ, ಜಾಗ ತುಂಬಿತೆಂದು ನಾವೇ ಅಳಿಸುತ್ತೇವೆ. ಹಬ್ಬದ ವಾರ ಕಳೆಯುವ ಮೊದಲು ಹನ್ನೆರಡೇ ಹನ್ನೆರಡು ಚಿತ್ರಗಳನ್ನು ಆರಿಸಿ, ನಾಲ್ಕು ಅಂಗುಲಕ್ಕೆ ಆರು ಅಂಗುಲದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ. ಎಲ್ಲರ ಮುಖವೂ ಚೆನ್ನಾಗಿ ಬಂದದ್ದನ್ನಷ್ಟೇ ಆರಿಸಬೇಡಿ, ಎಲ್ಲರೂ ಇರುವುದನ್ನು ಆರಿಸಿ. ಅಂಟು ಹಾಳೆಗಳ ಆಲ್ಬಂ ಬೇಡ. ಕೆಲವು ವರ್ಷಗಳಲ್ಲಿ ಆ ಅಂಟು ಚಿತ್ರವನ್ನೇ ಹಿಡಿದುಬಿಡುತ್ತದೆ, ಬಿಡಿಸಹೋದರೆ ಹರಿಯುತ್ತದೆ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಯಲ್ಲಿ ಗೀರು ಏಳುತ್ತದೆ. ಊರು, ವರ್ಷ, ಎಡದಿಂದ ಬಲಕ್ಕೆ ಹೆಸರುಗಳು. ಅಜ್ಜಿಯ ಜಾಗದಲ್ಲಿ "ಅಜ್ಜಿ" ಎಂದಷ್ಟೇ ಬರೆದು ಬಿಡಬೇಡಿ. ಅವರಿಗೂ ಒಂದು ಹೆಸರಿದೆ, ಜ್ಞಾನಸ್ನಾನದ ದಿನ ಇಟ್ಟದ್ದು ಒಂದು, ತವರಿನಲ್ಲಿ ಕೂಗುತ್ತಿದ್ದದ್ದು ಇನ್ನೊಂದು. ಮೊಮ್ಮಕ್ಕಳಿಗೆ ಅದು ತಿಳಿದಿರುವುದಿಲ್ಲ, ಬಹುಶಃ ನಿಮಗೂ ಅರ್ಧ ಮಾತ್ರ ತಿಳಿದಿರಬಹುದು. ಈ ಡಿಸೆಂಬರ್ 25ರಂದು ಅವರು ಮೊರ ಹಿಡಿದು ಕುಳಿತಿರುವಾಗ ಪಕ್ಕದಲ್ಲೇ ಕುಳಿತು ಕೇಳಿ ಬರೆದುಕೊಳ್ಳಿ.